ಹೊಲದಿಂದ ಜೆಲ್‌ವರೆಗೆ: ಉರಿಯೂತ ಮತ್ತು ಗಾಯಗಳಿಗೆ ಬಳಸುವ ಗಿಡಮೂಲಿಕೆ ಲೇಪಗಳ ತಯಾರಿಕೆಯಲ್ಲಿ ಬೆಳೆಗಾರರು ಅರಿತಿರಬೇಕಾದ ಅಂಶಗಳು

ಲೋಳೆಸರ, ಅರಿಶಿನ ಹಾಗೂ ಒಂದೆಲಗ ಬೆಳೆಯುವ ರೈತರಿಂದಲೂ ಮಹಿಳಾ ಸ್ವಸಹಾಯ ಸಂಘಗಳಿಂದಲೂ ಕೃಷಿ ವಿಜ್ಞಾನ ಕೇಂದ್ರಗಳಿಗೆ ಬರುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: "ಪೇಟೆಯಲ್ಲಿ ಗಾಯಕ್ಕೂ ಊತಕ್ಕೂ ಹಚ್ಚುವ ಗಿಡಮೂಲಿಕೆ ಜೆಲ್‌ಗೆ ಒಳ್ಳೆಯ ಬೆಲೆಯಿದೆ. ಅದರ ಕಚ್ಚಾವಸ್ತು ನಮ್ಮ ಹೊಲದಲ್ಲೇ ಇದೆ. ಹಾಗಿದ್ದ ಮೇಲೆ ಜೆಲ್ಲನ್ನು ನಾವೇ ಏಕೆ ತಯಾರಿಸಬಾರದು?"

ಪ್ರಶ್ನೆ ಸಹಜವಾದದ್ದು. ಆದರೆ ಉತ್ತರವು ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ. ಮೈಮೇಲೆ, ಅದರಲ್ಲೂ ಗಾಯದ ಮೇಲೆ, ಹಚ್ಚುವ ವಸ್ತುವಿನ ಗುಣಮಟ್ಟ ಕೆಟ್ಟರೆ ಗಾಯ ಮಾಯುವ ಬದಲು ಕೀವುಗಟ್ಟುತ್ತದೆ. ಇನ್ನೊಂದೆಡೆ, ಖರೀದಿದಾರ ಯಾರೆಂಬುದನ್ನು ಅರಿಯದೆ ಎಕರೆಗಟ್ಟಲೆ ಲೋಳೆಸರ ನೆಟ್ಟವರಿಗೆ ಎಲೆ ಹೊಲದಲ್ಲೇ ಕೊಳೆಯುವ ಅಪಾಯವಿದೆ. ಈ ಎರಡೂ ನಷ್ಟಗಳನ್ನು ತಪ್ಪಿಸಬೇಕಾದರೆ ಜೆಲ್ ಎಂದರೇನು, ಅದರೊಳಗೆ ಕೆಲಸ ಮಾಡುವ ಸತ್ವ ಯಾವುದು, ಆ ಸತ್ವ ಹೊಲದಲ್ಲಿ ಹೇಗೆ ಹೆಚ್ಚುತ್ತದೆ ಮತ್ತು ಎಲ್ಲಿ ನಾಶವಾಗುತ್ತದೆ ಎಂಬುದನ್ನು ತಿಳಿದಿರುವುದು ಅವಶ್ಯಕ. ರೈತ ಬಾಂಧವರ ಹಾಗೂ ವಿಸ್ತರಣಾ ಕಾರ್ಯಕರ್ತರ ಉಪಯೋಗಕ್ಕಾಗಿ ಈ ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಉರಿಯೂತ ಎಂದರೇನು? ಗಾಯ ಮಾಯುವುದು ಹೇಗೆ?

ಚರ್ಮಕ್ಕೆ ಪೆಟ್ಟಾದಾಗ ಆ ಭಾಗ ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು ಮತ್ತು ನೋಯುವುದು ಉರಿಯೂತದ ಲಕ್ಷಣಗಳು. ಇದು ರೋಗವಲ್ಲ, ದೇಹದ ರಕ್ಷಣಾ ಕ್ರಿಯೆ. ರಕ್ತನಾಳಗಳು ಹಿಗ್ಗಿ, ಬಿಳಿ ರಕ್ತಕಣಗಳು ಗಾಯದ ಜಾಗಕ್ಕೆ ಬಂದು, ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವುಗೊಳಿಸುತ್ತವೆ.

ಗಾಯ ಮಾಯುವ ಕ್ರಿಯೆಯನ್ನು ನಾಲ್ಕು ಹಂತಗಳಾಗಿ ಗುರುತಿಸಲಾಗುತ್ತದೆ. ಮೊದಲನೆಯದು ರಕ್ತ ಹೆಪ್ಪುಗಟ್ಟುವುದು, ಎರಡನೆಯದು ಉರಿಯೂತ, ಮೂರನೆಯದು ಹೊಸ ಅಂಗಾಂಶ ಬೆಳೆಯುವುದು, ನಾಲ್ಕನೆಯದು ಆ ಅಂಗಾಂಶ ಬಲಗೊಂಡು ಚರ್ಮದ ರೂಪ ತಾಳುವುದು. ಸಾಮಾನ್ಯ ಗಾಯದಲ್ಲಿ ಉರಿಯೂತದ ಹಂತ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹಾಗೆ ಇಳಿಯದೆ ಮುಂದುವರಿದರೆ ಹೊಸ ಅಂಗಾಂಶ ಬೆಳೆಯಲಾರದು.

ಆದ್ದರಿಂದ ಒಳ್ಳೆಯ ಲೇಪವೊಂದು ಮಾಡಬೇಕಾದ ಕೆಲಸ ಉರಿಯೂತವನ್ನು ಪೂರ್ತಿಯಾಗಿ ಅಡಗಿಸುವುದಲ್ಲ. ಅದು ಮಿತಿಮೀರದಂತೆ ತಡೆಯುವುದು, ಗಾಯದ ಜಾಗ ಒಣಗಿ ಬಿರಿಯದಂತೆ ತೇವವನ್ನು ಕಾಪಾಡುವುದು ಮತ್ತು ಹೊರಗಿನ ರೋಗಾಣುಗಳನ್ನು ತಾನೇ ಹೊತ್ತು ತರದಿರುವುದು ಅದರ ಕೆಲಸ. ಈ ಕೊನೆಯ ಅಂಶವೇ ಮನೆಯಲ್ಲಿ ತಯಾರಿಸಿದ ಜೆಲ್‌ಗಳ ಮುಖ್ಯ ದೌರ್ಬಲ್ಯ.

ಮೂರು ಸಸ್ಯಗಳು ಮತ್ತು ಅವುಗಳ ಸತ್ವ

ಲೋಳೆಸರ: ಲೋಳೆಸರದ ಎಲೆಯಲ್ಲಿ ಎರಡು ಬೇರೆ ಬೇರೆ ದ್ರವಗಳಿವೆ. ಸಿಪ್ಪೆಯ ಕೆಳಗೇ ಇರುವ ಹಳದಿ ರಸ ಕಹಿಯಾಗಿದ್ದು ಅದರಲ್ಲಿ ಆಲೋಯಿನ್ ಎಂಬ ರಾಸಾಯನಿಕವಿದೆ. ಇದು ಚರ್ಮಕ್ಕೆ ಕೆರಳಿಕೆ ಉಂಟುಮಾಡಬಲ್ಲದು, ಹೊಟ್ಟೆಗೆ ಸೇರಿದರೆ ಭೇದಿಯಾಗುತ್ತದೆ. ಎಲೆಯ ನಡುವಿನ ಪಾರದರ್ಶಕ ತಿರುಳೇ ನಮಗೆ ಬೇಕಾದದ್ದು. ಈ ತಿರುಳಿನಲ್ಲಿ ಶೇ. 98ಕ್ಕೂ ಹೆಚ್ಚು ನೀರಿದ್ದು, ಉಳಿದ ಅಲ್ಪ ಘನಾಂಶದಲ್ಲಿ ಏಸ್‌ಮನ್ನಾನ್ ಎಂಬ ಪಾಲಿಸ್ಯಾಕರೈಡ್ ಮುಖ್ಯವಾದುದು. ತಿರುಳಿನ ಲೋಳೆಗುಣಕ್ಕೂ ಗಾಯದ ಮೇಲಿನ ಪರಿಣಾಮಕ್ಕೂ ಇದೇ ಪ್ರಧಾನ ಕಾರಣವೆಂದು ಪರಿಗಣಿಸಲಾಗಿದೆ.

ಅರಿಶಿನ: ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕುರ್ಕುಮಿನ್ ಮತ್ತು ಅದರ ಸಂಬಂಧಿ ಸಂಯುಕ್ತಗಳು ಉರಿಯೂತ ತಗ್ಗಿಸುವ ಗುಣ ಹೊಂದಿವೆ. ಗಾಯಕ್ಕೆ ಅರಿಶಿನ ಹಚ್ಚುವ ನಮ್ಮ ರೂಢಿಯ ಕುರಿತು ಬೆಳೆಗಾರರೆಲ್ಲರೂ ತಿಳಿದಿರಬೇಕಾದ ಸಂಗತಿಯೊಂದಿದೆ. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಲಾಗಿತ್ತು. ಇದು ಭಾರತದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಜ್ಞಾನವೆಂದು ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯು ದಾಖಲೆಗಳ ಸಮೇತ ಪ್ರಶ್ನಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬಳಕೆಯ ಜ್ಞಾನ ನಮ್ಮದೆಂದು ಸಾಬೀತಾದರೂ ಗುಣಮಟ್ಟವನ್ನು ಸಾಬೀತುಪಡಿಸುವ ಹೊಣೆ ಪ್ರತಿ ಚೀಲಕ್ಕೂ ಹೊಸದಾಗಿಯೇ ಇರುತ್ತದೆ.

ಒಂದೆಲಗ: ತೇವವಿರುವ ಬದುಗಳಲ್ಲಿ, ತೋಟದ ನೆರಳಿನಲ್ಲಿ ಹಬ್ಬುವ ಒಂದೆಲಗದಲ್ಲಿ ಏಷಿಯಾಟಿಕೋಸೈಡ್ ಹಾಗೂ ಮೆಡಿಕ್ಯಾಸೋಸೈಡ್ ಎಂಬ ಸಂಯುಕ್ತಗಳಿವೆ. ಹೊಸ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಉತ್ಪಾದನೆಯನ್ನು ಇವು ಪ್ರಚೋದಿಸುತ್ತವೆ. ಕೆಲವೆಡೆ ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ "ಬ್ರಾಹ್ಮಿ" ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಇವೆರಡೂ ಬೇರೆ ಬೇರೆ ಸಸ್ಯಗಳು, ಇವುಗಳ ಸತ್ವವೂ ಬೇರೆ. ಮಾರಾಟದ ಚೀಟಿಯಲ್ಲಿ ಸೆಂಟೆಲ್ಲಾ ಏಷಿಯಾಟಿಕ ಎಂಬ ಸಸ್ಯಶಾಸ್ತ್ರೀಯ ಹೆಸರನ್ನು ನಮೂದಿಸುವುದು ಸೂಕ್ತ.

ಪುರಾವೆ ಎಷ್ಟರಮಟ್ಟಿಗಿದೆ?

ಗಿಡಮೂಲಿಕೆಯೆಂದ ಮಾತ್ರಕ್ಕೆ ಎಲ್ಲ ಗಾಯಕ್ಕೂ ಒಳಿತೆಂದು ಭಾವಿಸಲಾಗದು. ಲೋಳೆಸರದ ವಿಷಯದಲ್ಲಿಯೇ ಇದನ್ನು ಕಾಣಬಹುದು. ಸಣ್ಣ ಪ್ರಮಾಣದ ಸುಟ್ಟಗಾಯಗಳಲ್ಲಿ ಲೋಳೆಸರದಿಂದ ಗಾಯ ಬೇಗ ಮಾಯುವುದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಆದರೆ 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ತೆರೆದುಕೊಂಡ ಗಾಯಗಳು ಸಾಮಾನ್ಯ ಆರೈಕೆಯಲ್ಲಿ ಸರಾಸರಿ 53 ದಿನಗಳಲ್ಲಿ ಮಾಯ್ದರೆ, ಲೋಳೆಸರದ ಜೆಲ್ ಬಳಸಿದವರಲ್ಲಿ 83 ದಿನ ಹಿಡಿಯಿತು. 2012ರ ಕೊಕ್ರೇನ್ ವಿಮರ್ಶೆಯು, ಲಭ್ಯವಿರುವ ಪ್ರಯೋಗಗಳ ಗುಣಮಟ್ಟ ಸಾಲದೆಂದೂ ಗಾಯಗಳಿಗೆ ಲೋಳೆಸರವನ್ನು ಶಿಫಾರಸು ಮಾಡುವಷ್ಟು ಪುರಾವೆಯಿಲ್ಲವೆಂದೂ ಅಭಿಪ್ರಾಯಪಟ್ಟಿತು.

ಇದರ ಅರ್ಥ ಇಷ್ಟೆ. ಮೇಲ್ಮೈಯ ಸಣ್ಣ ಗೀರು, ಬಿಸಿಲಿನಿಂದಾದ ಉರಿ, ಲಘುವಾದ ಸುಟ್ಟಗಾಯ, ಕೀಟ ಕಚ್ಚಿದ ಊತ ಇಂಥವು ಗಿಡಮೂಲಿಕೆ ಜೆಲ್‌ನ ಕ್ಷೇತ್ರ. ಆಳವಾದ ಗಾಯ ಅದರ ಕ್ಷೇತ್ರವಲ್ಲ. ಮಾರಾಟಗಾರರು ಇದನ್ನು ಮರೆಮಾಚಬಾರದು, ಬೆಳೆಗಾರರೂ ತಮ್ಮ ಉತ್ಪನ್ನದ ಮೇಲೆ ಇಲ್ಲದ ಗುಣಗಳನ್ನು ಬರೆಸಬಾರದು.

ಗುಣಮಟ್ಟದ ಬೇರು ಹೊಲದಲ್ಲಿದೆ

ಎಲೆಯಲ್ಲಿ ಇಲ್ಲದ ಸತ್ವವನ್ನು ಯಾವ ಕಾರ್ಖಾನೆಯೂ ಜೆಲ್ಲಿಗೆ ತರಲಾರದು. ಆದ್ದರಿಂದ ಬೇಸಾಯದ ಹಂತದಲ್ಲಿ ಈ ಕೆಳಗಿನ ಅಂಶಗಳಿಗೆ ಗಮನ ಕೊಡಬೇಕು.

ಲೋಳೆಸರದ ಬೇಸಾಯ: ನೀರು ಬಸಿದು ಹೋಗುವ ಮರಳುಮಿಶ್ರಿತ ಕೆಂಪು ಗೋಡುಮಣ್ಣು ಉತ್ತಮ. ನೀರು ನಿಂತರೆ ಬುಡ ಕೊಳೆಯುತ್ತದೆ. ತಾಯಿಗಿಡದ ಬುಡದಲ್ಲಿ ಬರುವ ಮರಿಗಳನ್ನು ಬೇರ್ಪಡಿಸಿ 60 ಸೆಂ.ಮೀ. × 60 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 11,000 ಗಿಡಗಳು ಹಿಡಿಯುತ್ತವೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಬಳಸಬೇಕು. ಹಸಿ ಸಗಣಿಯಿಂದ ಬರುವ ಸೂಕ್ಷ್ಮಾಣುಗಳು ಎಲೆಯ ಬುಡಕ್ಕೆ ಅಂಟಿ ಸಂಸ್ಕರಣಾ ಘಟಕದವರೆಗೂ ಸಾಗುತ್ತವೆ. ಕೊಯ್ಲಿನ ಹಿಂದಿನ ದಿನಗಳಲ್ಲಿ ಹೆಚ್ಚು ನೀರು ಹಾಯಿಸಿದರೆ ಎಲೆಯ ತೂಕ ಹೆಚ್ಚುತ್ತದೆ, ಆದರೆ ತಿರುಳಿನ ಘನಾಂಶ ತೆಳುವಾಗುತ್ತದೆ. ತೂಕಕ್ಕಲ್ಲದೆ ಘನಾಂಶಕ್ಕೆ ಬೆಲೆ ಕಟ್ಟುವ ಖರೀದಿದಾರ ಇಂಥ ಎಲೆಯನ್ನು ತಿರಸ್ಕರಿಸುತ್ತಾನೆ.

ಕೊಯ್ಲಿನಲ್ಲಿ ಹೊರಸುತ್ತಿನ ಬಲಿತ ಎಲೆಗಳನ್ನು ಮಾತ್ರ ತೆಗೆಯಬೇಕು. ಬುಡದ ಬಿಳಿ ಭಾಗ ಹರಿಯದಂತೆ ಹರಿತವಾದ, ಸ್ವಚ್ಛವಾದ ಚಾಕುವಿನಿಂದ ಕತ್ತರಿಸಿ, ಕತ್ತರಿಸಿದ ತುದಿ ಕೆಳಮುಖವಾಗಿರುವಂತೆ ನಿಲ್ಲಿಸಿ ಹಳದಿ ರಸವನ್ನು ಬಸಿಯಲು ಬಿಡಬೇಕು. ಎಲೆ ಕತ್ತರಿಸಿದ ಕ್ಷಣದಿಂದಲೇ ಕಿಣ್ವಗಳೂ ಸೂಕ್ಷ್ಮಾಣುಗಳೂ ಏಸ್‌ಮನ್ನಾನನ್ನು ಒಡೆಯತೊಡಗುತ್ತವೆ. ಬಿಸಿಲಿನಲ್ಲಿ ರಾಶಿ ಹಾಕಿದರೆ ಈ ಕ್ರಿಯೆ ತೀವ್ರವಾಗುತ್ತದೆ. ಬೆಳಗಿನ ತಂಪಿನಲ್ಲಿ ಕೊಯ್ದು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ನೆರಳಿನಲ್ಲಿರಿಸಿ, ಸಾಧ್ಯವಾದಷ್ಟೂ ಅದೇ ದಿನ ಕೆಲವೇ ಗಂಟೆಗಳಲ್ಲಿ ಸಂಸ್ಕರಣೆಗೆ ಒಪ್ಪಿಸುವುದು ಅವಶ್ಯಕ. ಹೀಗಾಗಿ ಸಂಸ್ಕರಣಾ ಘಟಕವು ಹೊಲಕ್ಕೆ ಎಷ್ಟು ದೂರದಲ್ಲಿದೆ ಎಂಬುದು ತಳಿಯಷ್ಟೇ ಮುಖ್ಯವಾದ ವಿಚಾರ.

ಅರಿಶಿನದ ಬೇಸಾಯ: ಕುರ್ಕುಮಿನ್ ಪ್ರಮಾಣವು ತಳಿಯಿಂದ ತಳಿಗೆ ಬಹಳವಾಗಿ ಬದಲಾಗುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಭಾ ಮತ್ತು ಪ್ರತಿಭಾ ತಳಿಗಳಲ್ಲಿ ಇದು ಶೇ. 6ಕ್ಕೂ ಮೇಲಿದೆ. ಹಲವು ಸ್ಥಳೀಯ ತಳಿಗಳಲ್ಲಿ ಇದರ ಅರ್ಧದಷ್ಟೂ ಇರುವುದಿಲ್ಲ. ಔಷಧ ತಯಾರಕರಿಗೆ ಮಾರುವ ಉದ್ದೇಶವಿದ್ದಲ್ಲಿ ಇಳುವರಿಯೊಂದಿಗೆ ಕುರ್ಕುಮಿನ್ ಪ್ರಮಾಣವನ್ನೂ ನೋಡಿ ತಳಿ ಆರಿಸಬೇಕು. ಎಲೆಗಳು ಪೂರ್ತಿ ಒಣಗಿದ ನಂತರವೇ ಕಿತ್ತು, ಮಣ್ಣು ತೊಳೆದು, ಹದವಾಗಿ ಬೇಯಿಸಿ, ತೇವಾಂಶ ಶೇ. 10ಕ್ಕೆ ಇಳಿಯುವವರೆಗೆ ಸ್ವಚ್ಛವಾದ ಟಾರ್ಪಾಲಿನ್ ಅಥವಾ ಸಿಮೆಂಟ್ ಕಣದಲ್ಲಿ ಒಣಗಿಸಬೇಕು. ಅರೆಬರೆ ಒಣಗಿದ ಕೊಂಬಿನಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗಬಹುದು. ಹೊಳಪಿಗಾಗಿ ಬಣ್ಣ ಬೆರೆಸುವುದನ್ನು ಸಂಪೂರ್ಣವಾಗಿ ವರ್ಜಿಸಬೇಕು. ಕಲಬೆರಕೆಗೆ ಬಳಸುವ ಲೆಡ್ ಕ್ರೋಮೇಟ್ ಸೀಸದ ಸಂಯುಕ್ತವಾಗಿದ್ದು, ಅದು ಔಷಧಕ್ಕಿರಲಿ ಅಡುಗೆಗೂ ವಿಷವೇ.

ಒಂದೆಲಗದ ಬೇಸಾಯ: ಈ ಬಳ್ಳಿ ಮಣ್ಣಿನಲ್ಲೂ ನೀರಿನಲ್ಲೂ ಇರುವ ಭಾರಲೋಹಗಳನ್ನು ಹೀರಿಕೊಳ್ಳುತ್ತದೆ. ಊರ ಚರಂಡಿಯ ಅಂಚಿನಲ್ಲಿ, ರಸ್ತೆಬದಿಯಲ್ಲಿ ಅಥವಾ ಕಾರ್ಖಾನೆಯ ನೀರು ಹರಿಯುವೆಡೆ ಹುಲುಸಾಗಿ ಬೆಳೆದದ್ದನ್ನು ಸಂಗ್ರಹಿಸಿ ಮಾರಬಾರದು. ತೆಂಗು, ಅಡಿಕೆ ತೋಟಗಳ ಅರೆನೆರಳಿನಲ್ಲಿ ಶುದ್ಧ ನೀರು ಹಾಯಿಸಿ ಅಂತರಬೆಳೆಯಾಗಿ ಬೆಳೆಯುವುದು ಸೂಕ್ತ. ಆದರೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವಾಗಲಿ ಕೀಟನಾಶಕವಾಗಲಿ ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಸಿಂಪರಣೆಯ ದಿನಾಂಕ, ಔಷಧದ ಹೆಸರು ಮತ್ತು ಕೊಯ್ಲಿನ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರೂ ಬೆಳೆಗಳಿಗೆ ಈ ದಾಖಲೆಯೇ ಖರೀದಿದಾರನ ಮುಂದೆ ರೈತನ ಸಾಕ್ಷಿ.

ಜೆಲ್ ತಯಾರಾಗುವ ಬಗೆ

ಜೆಲ್ ಎಂದರೆ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡ ಸೂಕ್ಷ್ಮ ಬಲೆ. ಈ ಬಲೆಯನ್ನು ಹೆಣೆಯುವುದು ಜೆಲ್‌ಕಾರಕ ವಸ್ತು. ಕಾರ್ಬೋಮರ್ ಎಂಬ ಪಾಲಿಮರ್ ಹೆಚ್ಚು ಬಳಕೆಯಲ್ಲಿದ್ದು, ನೂರು ಗ್ರಾಂ ಜೆಲ್ಲಿಗೆ ಅರ್ಧದಿಂದ ಒಂದು ಗ್ರಾಂನಷ್ಟು ಸಾಕಾಗುತ್ತದೆ. ಕ್ಸಾಂಥಾನ್ ಗೋಂದು ಮತ್ತು ಸೆಲ್ಯುಲೋಸ್ ಮೂಲದ ಪುಡಿಗಳೂ ಬಳಕೆಯಲ್ಲಿವೆ. ತಯಾರಿಕೆಯ ಕ್ರಮ ಸ್ಥೂಲವಾಗಿ ಹೀಗಿದೆ:

1. ಲೋಳೆಸರದ ಎಲೆಗಳನ್ನು ತೊಳೆದು, ಸಿಪ್ಪೆಯನ್ನೂ ಹಳದಿ ಪದರವನ್ನೂ ಪೂರ್ತಿ ತೆಗೆದು, ತಿರುಳನ್ನು ಅರೆದು ಸೋಸಿ, ಅಲ್ಪಕಾಲ ಹದವಾಗಿ ಬಿಸಿಮಾಡಿ ತಕ್ಷಣ ತಣಿಸಲಾಗುತ್ತದೆ. ಅತಿಯಾಗಿ ಕಾಯಿಸಿದರೆ ಏಸ್‌ಮನ್ನಾನ್ ಒಡೆಯುತ್ತದೆ.

2. ಅರಿಶಿನದ ಸಾರವನ್ನು ಬೇರೆಯಾಗಿ ತಯಾರಿಸಲಾಗುತ್ತದೆ. ಕುರ್ಕುಮಿನ್ ನೀರಿನಲ್ಲಿ ಕರಗದ ಕಾರಣ ಆಲ್ಕೋಹಾಲಿನಲ್ಲಿ ಸಾರ ತೆಗೆದು, ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರವದಲ್ಲಿ ಕರಗಿಸಿ ಸೇರಿಸಬೇಕಾಗುತ್ತದೆ. ಅರಿಶಿನದ ಪುಡಿಯನ್ನು ನೇರವಾಗಿ ಬೆರೆಸಿದರೆ ಅದು ತಳದಲ್ಲಿ ಕೂರುತ್ತದೆ.

3. ಶುದ್ಧೀಕರಿಸಿದ ನೀರಿನ ಮೇಲೆ ಕಾರ್ಬೋಮರ್ ಪುಡಿಯನ್ನು ಗಂಟಾಗದಂತೆ ಉದುರಿಸಿ ಹಲವು ಗಂಟೆ ನೆನೆಯಲು ಬಿಡಲಾಗುತ್ತದೆ.

4. ಗ್ಲಿಸರಿನ್, ಸಸ್ಯಸಾರ ಮತ್ತು ಸಂರಕ್ಷಕಗಳನ್ನು ಸೇರಿಸಿ, ಗಾಳಿಗುಳ್ಳೆ ಏಳದಂತೆ ನಿಧಾನವಾಗಿ ಕಲಕಲಾಗುತ್ತದೆ.

5. ಕೊನೆಯಲ್ಲಿ ಟ್ರೈಇಥನಾಲಮೈನ್ ಎಂಬ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಸೇರಿಸಿ ರಸಸಾರವನ್ನು 6ರ ಆಸುಪಾಸಿಗೆ ತರಲಾಗುತ್ತದೆ. ಆಗ ಹಾಲಿನಂತಿದ್ದ ದ್ರವವು ಕೆಲವೇ ಕ್ಷಣಗಳಲ್ಲಿ ಗಟ್ಟಿಯಾದ ಜೆಲ್ ಆಗುತ್ತದೆ.

ಈ ಕ್ರಮ ಓದಲು ಸುಲಭ. ಆದರೆ ತರಬೇತಿ ಪಡೆದು ಮನೆಯಲ್ಲಿ ಪ್ರಯತ್ನಿಸಿದವರು ಎದುರಿಸುವ ಮೂರು ತೊಡಕುಗಳ ಕಾರಣವನ್ನು ಅರಿತುಕೊಳ್ಳಬೇಕು.

ಮೊದಲನೆಯದು, ಜೆಲ್ ನೀರಾಗುವುದು. ಲೋಳೆಸರದ ರಸದಲ್ಲಿ ಸಹಜವಾಗಿಯೇ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳಿವೆ. ಕಾರ್ಬೋಮರ್ ಬಲೆಯನ್ನು ಲವಣಗಳು ಕುಗ್ಗಿಸುತ್ತವೆ. ರಸದ ಪ್ರಮಾಣ ಹೆಚ್ಚಿಸಿದಷ್ಟೂ ಜೆಲ್ ತೆಳುವಾಗುವುದು ಇದರಿಂದಲೇ. ಗಡಸು ಕೊಳವೆಬಾವಿ ನೀರನ್ನು ಬಳಸಿದರೆ ಸಮಸ್ಯೆ ಇನ್ನಷ್ಟು ಹೆಚ್ಚುತ್ತದೆ.

ಎರಡನೆಯದು, ಬಣ್ಣ ಕೆಡುವುದು. ಕುರ್ಕುಮಿನ್ ಬೆಳಕಿಗೂ ಕ್ಷಾರಕ್ಕೂ ಹೆದರುವ ಸಂಯುಕ್ತ. ಪ್ರತ್ಯಾಮ್ಲ ಹೆಚ್ಚಾದರೆ ಹಳದಿ ಬಣ್ಣ ಕೆಂಪಾಗಿ, ಕ್ರಮೇಣ ಸತ್ವವೇ ನಾಶವಾಗುತ್ತದೆ. ಪಾರದರ್ಶಕ ಡಬ್ಬಿಯಲ್ಲಿ ಕಿಟಕಿಯ ಬಳಿ ಇಟ್ಟ ಅರಿಶಿನದ ಜೆಲ್ ದಿನಗಳೆದಂತೆ ಮಾಸುತ್ತದೆ.

ಮೂರನೆಯದು, ಕೆಟ್ಟು ಹೋಗುವುದು. ಜೆಲ್ಲಿನ ಬಹುಪಾಲು ನೀರೇ ಆಗಿದ್ದು ಅದರಲ್ಲಿ ಸಸ್ಯದ ಸಕ್ಕರೆಗಳೂ ಇರುವುದರಿಂದ ಅದು ಸೂಕ್ಷ್ಮಾಣುಗಳಿಗೆ ಒಳ್ಳೆಯ ಆಹಾರ. ಉಪ್ಪಿನಕಾಯಿ, ಹಣ್ಣಿನ ರಸಗಳಿಗೆ ಬಳಸುವ ಸೋಡಿಯಂ ಬೆಂಜೋಯೇಟ್ ಇಲ್ಲಿಯೂ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ ಅದು ಹುಳಿಯಿರುವ, ಅಂದರೆ ರಸಸಾರ 5ಕ್ಕಿಂತ ಕಡಿಮೆಯಿರುವ ಪದಾರ್ಥಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರ್ಬೋಮರ್ ಜೆಲ್ಲಿನ ರಸಸಾರ ಅದಕ್ಕಿಂತ ಮೇಲಿರುವುದರಿಂದ ಬೆಂಜೋಯೇಟ್ ಹಾಕಿಯೂ ಜೆಲ್ ಕೆಡುತ್ತದೆ. ಯಾವ ಸಂರಕ್ಷಕವನ್ನು ಎಷ್ಟು ಬಳಸಬೇಕೆಂಬುದನ್ನು ಔಷಧ ತಯಾರಿಕಾ ತಜ್ಞರೇ ನಿರ್ಧರಿಸಬೇಕು.

ಪರೀಕ್ಷೆಯಿಲ್ಲದೆ ಮಾರಾಟವಿಲ್ಲ

ನೋಟಕ್ಕೂ ವಾಸನೆಗೂ ಚೆನ್ನಾಗಿರುವ ಜೆಲ್ಲಿನಲ್ಲಿಯೂ ಕಣ್ಣಿಗೆ ಕಾಣದ ರೋಗಾಣುಗಳಿರಬಹುದು. ಚರ್ಮದ ಮೇಲೆ ಬಳಸುವ ಔಷಧಗಳಿಗೆ ಅಂತರರಾಷ್ಟ್ರೀಯ ಫಾರ್ಮಕೋಪಿಯಾ ಮಾನದಂಡಗಳ ಪ್ರಕಾರ ಗ್ರಾಂಗೆ ಒಟ್ಟು ಬ್ಯಾಕ್ಟೀರಿಯಾ ಎಣಿಕೆ 100ರ ಮಿತಿಯಲ್ಲಿರಬೇಕು, ಶಿಲೀಂಧ್ರ ಹಾಗೂ ಯೀಸ್ಟ್ ಎಣಿಕೆ 10ರ ಮಿತಿಯಲ್ಲಿರಬೇಕು. ಕೀವಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್ ಮತ್ತು ಸ್ಯೂಡೋಮೋನಾಸ್ ಎರುಜಿನೋಸಾ ಇರಲೇಬಾರದು. ತೆರೆದ ಗಾಯಕ್ಕೆ ಹಚ್ಚುವ ಜೆಲ್ ಸಂಪೂರ್ಣವಾಗಿ ಕ್ರಿಮಿರಹಿತವಾಗಿರಬೇಕು. ಅಡುಗೆಮನೆಯ ಮಿಕ್ಸರಿನಿಂದ ಇದನ್ನು ಸಾಧಿಸಲು ಸಾಧ್ಯವಿಲ್ಲ.

ಇದರ ಜೊತೆಗೆ ರಸಸಾರ, ಸ್ನಿಗ್ಧತೆ, ಚರ್ಮದ ಮೇಲೆ ಹರಡುವ ಗುಣ, ಭಾರಲೋಹಗಳ ಪ್ರಮಾಣ, ಸತ್ವದ ಪ್ರಮಾಣ ಇವುಗಳ ಪರೀಕ್ಷೆಯೂ ಆಗಬೇಕು. ಬಾಳಿಕೆಯನ್ನು ಅಳೆಯಲು 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಾಗೂ ಶೇ. 75 ಆರ್ದ್ರತೆಯಲ್ಲಿ ಆರು ತಿಂಗಳು ಇಟ್ಟು ಪರೀಕ್ಷಿಸುವ ಕ್ರಮವಿದೆ. ಟ್ಯೂಬಿನ ಮೇಲೆ ಅಚ್ಚಾಗುವ ಬಳಕೆಯ ಕೊನೆಯ ದಿನಾಂಕಕ್ಕೆ ಇಂಥ ಪರೀಕ್ಷೆಯೇ ಆಧಾರ, ಊಹೆಯಲ್ಲ.

ಕಾನೂನು ಏನು ಹೇಳುತ್ತದೆ?

ಲೇಪವೊಂದು "ಗಾಯ ಮಾಯಿಸುತ್ತದೆ", "ಊತ ಇಳಿಸುತ್ತದೆ" ಎಂದು ಹೇಳಿಕೊಂಡ ಕೂಡಲೇ ಅದು ಔಷಧವಾಗುತ್ತದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಡಿ ಆಯುರ್ವೇದ ಔಷಧವಾಗಿ ತಯಾರಿಸಿ ಮಾರಲು ರಾಜ್ಯದ ಪರವಾನಗಿ ಪ್ರಾಧಿಕಾರದ ಅನುಮತಿ ಬೇಕು. ತಯಾರಿಕಾ ಘಟಕವು ನಿಯಮಗಳ "ಶೆಡ್ಯೂಲ್ ಟಿ"ಯಲ್ಲಿ ಹೇಳಿರುವ ಉತ್ತಮ ತಯಾರಿಕಾ ಪದ್ಧತಿಗಳನ್ನು ಅನುಸರಿಸಬೇಕು. "ಚರ್ಮವನ್ನು ಮೃದುವಾಗಿಡುತ್ತದೆ" ಎಂದಷ್ಟೇ ಹೇಳುವ ಉತ್ಪನ್ನ ಕಾಂತಿವರ್ಧಕವೆನಿಸುತ್ತದೆ. ಅದಕ್ಕೂ 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಪರವಾನಗಿ ಅವಶ್ಯಕ. ಹಪ್ಪಳ, ಸಂಡಿಗೆಗಳಿಗಾಗಿ ಪಡೆದ ಆಹಾರ ಸುರಕ್ಷತಾ ನೋಂದಣಿಯು ಇವೆರಡಕ್ಕೂ ಅನ್ವಯಿಸುವುದಿಲ್ಲ. ಮಧುಮೇಹ, ಕ್ಯಾನ್ಸರ್‌ನಂಥ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು 1954ರ ಕಾಯಿದೆಯಂತೆ ಅಪರಾಧ.

ಸ್ವಂತ ಘಟಕ ಸ್ಥಾಪಿಸಲಾಗದ ಸಂಘಗಳು ಪರವಾನಗಿ ಹೊಂದಿದ ಘಟಕದಲ್ಲಿ ತಮ್ಮ ಉತ್ಪನ್ನ ತಯಾರಿಸಿಕೊಳ್ಳುವ "ಲೋನ್ ಲೈಸೆನ್ಸ್" ವ್ಯವಸ್ಥೆಯ ಕುರಿತು ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ನೆಡುವ ಮುನ್ನ ಒಂದು ಲೆಕ್ಕ

ಎಕರೆಯಲ್ಲಿ 11,000 ಲೋಳೆಸರದ ಗಿಡಗಳಿವೆ ಎನ್ನೋಣ. ಒಂದು ಕೊಯ್ಲಿಗೆ ಗಿಡಕ್ಕೆ ಮೂರು ಎಲೆ, ಎಲೆಗೆ 300 ಗ್ರಾಂ ಎಂದಿಟ್ಟುಕೊಂಡರೆ ಸುಮಾರು 10 ಟನ್ ಎಲೆ ಬರುತ್ತದೆ. ಅದರಲ್ಲಿ ಅರ್ಧದಷ್ಟು, ಅಂದರೆ 5 ಟನ್ ತಿರುಳು ಸಿಗಬಹುದು. ಜೆಲ್ಲಿನಲ್ಲಿ ಶೇ. 20ರಷ್ಟು ತಿರುಳು ಬಳಸಿದರೆ ಈ ಒಂದೇ ಕೊಯ್ಲಿನಿಂದ 25 ಟನ್ ಜೆಲ್, ಅಂದರೆ 50 ಗ್ರಾಂನ 5 ಲಕ್ಷ ಟ್ಯೂಬುಗಳಾಗುತ್ತವೆ.

ಈಗ ತಿಂಗಳಿಗೆ 1,000 ಟ್ಯೂಬ್ ಮಾರಬಲ್ಲ ಸಂಘವೊಂದನ್ನು ತೆಗೆದುಕೊಳ್ಳೋಣ. ಅದಕ್ಕೆ ಬೇಕಾದದ್ದು 50 ಕಿಲೋ ಜೆಲ್, ಅದಕ್ಕಾಗಿ 10 ಕಿಲೋ ತಿರುಳು, ಅಂದರೆ 20 ಕಿಲೋ ಎಲೆ. ವರ್ಷಕ್ಕೆ ಮೂರು ಕೊಯ್ಲೆಂದರೆ ನೂರು ಗಿಡಗಳಿದ್ದರೆ ಇದಕ್ಕೆ ಸಾಕು.

ಅಂದರೆ ಜೆಲ್ ಮಾರಾಟವನ್ನು ನಂಬಿ ಎಕರೆಗಟ್ಟಲೆ ಲೋಳೆಸರ ನೆಡುವುದು ಜಾಣತನವಲ್ಲ. ದೊಡ್ಡ ಪ್ರಮಾಣದಲ್ಲಿ ನೆಡಬೇಕಾದರೆ ರಸ ಅಥವಾ ಪುಡಿ ತಯಾರಿಸುವ ಘಟಕದೊಂದಿಗೆ ಲಿಖಿತ ಒಪ್ಪಂದವಿರಬೇಕು. ಮರಿಗಳನ್ನು ದುಬಾರಿ ಬೆಲೆಗೆ ಮಾರಿ, "ಎಲೆಯನ್ನು ನಾವೇ ಕೊಳ್ಳುತ್ತೇವೆ" ಎಂದು ಬಾಯಿಮಾತಿನಲ್ಲಿ ಭರವಸೆ ಕೊಡುವವರ ಬಗ್ಗೆ ಎಚ್ಚರವಿರಲಿ. ಕನಿಷ್ಠ ಖರೀದಿ ಪ್ರಮಾಣ, ಬೆಲೆ, ಸಾಗಣೆಯ ಹೊಣೆ, ಎಲೆ ತಿರಸ್ಕರಿಸಲು ಇರುವ ಕಾರಣಗಳು, ಹಣ ಪಾವತಿಯ ಅವಧಿ ಇವಿಷ್ಟೂ ಕಾಗದದ ಮೇಲಿರಬೇಕು. ಘಟಕಕ್ಕೆ ಒಮ್ಮೆ ಖುದ್ದಾಗಿ ಭೇಟಿಯಿತ್ತು, ಯಂತ್ರಗಳು ನಡೆಯುತ್ತಿವೆಯೇ ಎಂದು ನೋಡಿ ಬರುವುದು ಒಳಿತು. ಒಣಗಿಸಿ ಕೂಡಿಡಬಹುದಾದ ಅರಿಶಿನದಲ್ಲಿ ಇಂಥ ಅಪಾಯ ಕಡಿಮೆ, ಏಕೆಂದರೆ ಒಬ್ಬ ಖರೀದಿದಾರ ಕೈಕೊಟ್ಟರೂ ಮಾರುಕಟ್ಟೆ ಉಳಿದಿರುತ್ತದೆ.

ಕೊಟ್ಟಿಗೆಯಲ್ಲಿ ಬಳಸಬಹುದಾದ ತಾಜಾ ಲೇಪ

ಇವೇ ಸಸ್ಯಗಳನ್ನು ರೈತರು ಪರವಾನಗಿಯ ಗೊಡವೆಯಿಲ್ಲದೆ ತಮ್ಮ ಸ್ವಂತ ಜಾನುವಾರುಗಳಿಗೆ ಬಳಸಬಹುದಾದ ಸಂದರ್ಭ ಕೆಚ್ಚಲು ಬಾವು. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯು ಪ್ರಚುರಪಡಿಸಿರುವ ವಿಧಾನದಲ್ಲಿ 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ ಮತ್ತು 15 ಗ್ರಾಂ ಸುಣ್ಣವನ್ನು ಒಟ್ಟಿಗೆ ಅರೆದು ಕೆಂಬಣ್ಣದ ಲೇಪ ತಯಾರಿಸಲಾಗುತ್ತದೆ. ಕೆಚ್ಚಲನ್ನು ತೊಳೆದು, ಹಾಲನ್ನು ಪೂರ್ತಿ ಹಿಂಡಿ ತೆಗೆದ ನಂತರ ಒಂದು ಹಿಡಿ ಲೇಪಕ್ಕೆ ನೀರು ಬೆರೆಸಿ ತೆಳುವಾಗಿಸಿ ಕೆಚ್ಚಲಿನ ಎಲ್ಲ ಭಾಗಕ್ಕೂ ಹಚ್ಚಬೇಕು. ದಿನಕ್ಕೆ ಎಂಟು-ಹತ್ತು ಬಾರಿಯಂತೆ ಐದು ದಿನ ಮುಂದುವರಿಸಬೇಕು.

ಸುಣ್ಣದ ಕ್ಷಾರದಿಂದಲೇ ಅರಿಶಿನ ಕೆಂಪಾಗುವುದು. ಅದೇ ಕ್ಷಾರ ಹೊತ್ತು ಕಳೆದಂತೆ ಕುರ್ಕುಮಿನ್ನನ್ನು ಕೆಡಿಸುವುದರಿಂದ ಲೇಪವನ್ನು ಪ್ರತಿದಿನವೂ ಹೊಸದಾಗಿ ತಯಾರಿಸಬೇಕು, ಹಳೆಯದನ್ನು ಉಳಿಸಿಕೊಳ್ಳಬಾರದು. ಹಿಂಡಿದ ಕೆಟ್ಟ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲದೆ ದೂರದಲ್ಲಿ ಗುಂಡಿಗೆ ಹಾಕಬೇಕು. ಹಸುವಿಗೆ ಜ್ವರವಿದ್ದರೆ, ಮೇವು ಬಿಟ್ಟಿದ್ದರೆ, ಹಾಲಿನಲ್ಲಿ ರಕ್ತ ಅಥವಾ ಕೀವು ಬರುತ್ತಿದ್ದರೆ, ಕೆಚ್ಚಲು ತಣ್ಣಗಾಗಿ ಕಪ್ಪುನೀಲಿ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಯಾವ ಗಾಯಕ್ಕೆ ಜೆಲ್ ಹಚ್ಚಬಾರದು?

ಹೊಲದ ಕೆಲಸದಲ್ಲಿ ಕುಡುಗೋಲು, ಮುಳ್ಳು, ಕಬ್ಬಿನ ಕೂಳೆ, ತಂತಿಬೇಲಿಗಳಿಂದ ಗಾಯಗಳಾಗುವುದು ನಿತ್ಯದ ಮಾತು. ಮೊದಲು ಮಾಡಬೇಕಾದದ್ದು ಹರಿಯುವ ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆಯುವುದು. ಸುಟ್ಟಗಾಯವಾದರೆ ಸುಮಾರು 20 ನಿಮಿಷ ತಣ್ಣೀರಿನ ಧಾರೆಗೆ ಹಿಡಿಯಬೇಕು. ಸಗಣಿ, ಮಣ್ಣು, ಬೂದಿಗಳನ್ನು ಎಂದೂ ಮೆತ್ತಬಾರದು. ಈ ಕೆಳಗಿನ ಸಂದರ್ಭಗಳಲ್ಲಿ ಯಾವ ಜೆಲ್ಲನ್ನೂ ನೆಚ್ಚದೆ ವೈದ್ಯರನ್ನು ಕಾಣಬೇಕು:

- ಆಳವಾದ, ರಕ್ತ ನಿಲ್ಲದ ಅಥವಾ ಅಂಚು ತೆರೆದುಕೊಂಡ ಗಾಯ
- ಮಣ್ಣು, ಗೊಬ್ಬರ ಹೊಕ್ಕ ಅಥವಾ ತುಕ್ಕುಹಿಡಿದ ಕಬ್ಬಿಣ ಚುಚ್ಚಿದ ಗಾಯ (ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು)
- ಮಧುಮೇಹ ಇರುವವರ ಕಾಲಿನ ಗಾಯ, ಅದು ಎಷ್ಟೇ ಚಿಕ್ಕದಿರಲಿ, ನೋವಿಲ್ಲದಿರಲಿ
- ನಾಯಿ ಅಥವಾ ಹಾವಿನ ಕಡಿತ
- ಕಣ್ಣಿನ ಸುತ್ತಲಿನ ಗಾಯ, ಬೊಬ್ಬೆ ಎದ್ದ ದೊಡ್ಡ ಸುಟ್ಟಗಾಯ
- ಕೆಂಪು ಹರಡುತ್ತಿರುವ, ಕೀವು ಬರುತ್ತಿರುವ, ಜ್ವರ ತಂದ ಗಾಯ

ಪರವಾನಗಿಯುಳ್ಳ ಜೆಲ್ಲನ್ನು ಮೊದಲ ಬಾರಿಗೆ ಬಳಸುವಾಗಲೂ ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು, ತುರಿಕೆ ಅಥವಾ ದದ್ದು ಕಾಣಿಸದಿದ್ದರೆ ಮಾತ್ರ ಮುಂದುವರಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಗಿಡಮೂಲಿಕೆ ಜೆಲ್ ತಯಾರಿಕೆಯ ತರಬೇತಿ ಏರ್ಪಡಿಸುವಾಗ ಜೆಲ್ ಗಟ್ಟಿಯಾಗುವ ಪ್ರಾತ್ಯಕ್ಷಿಕೆಯೊಂದಿಗೇ ಕಾರ್ಯಕ್ರಮ ಮುಗಿಸಬಾರದು. ಕೊಯ್ಲಿನ ಸ್ವಚ್ಛತೆ, ದಾಖಲೆ ನಿರ್ವಹಣೆ, ಪರವಾನಗಿ, ಪರೀಕ್ಷೆ ಹಾಗೂ ಮೇಲಿನ ಲೆಕ್ಕಾಚಾರಗಳಿಗೂ ಅಷ್ಟೇ ಸಮಯ ಮೀಸಲಿಡಬೇಕು. ಬಹುಪಾಲು ರೈತರಿಗೆ ಈ ಕ್ಷೇತ್ರದಲ್ಲಿ ಲಾಭವಿರುವುದು ಟ್ಯೂಬ್ ತುಂಬುವುದರಲ್ಲಿ ಅಲ್ಲ. ಸತ್ವವುಳ್ಳ, ಶುದ್ಧವಾದ, ಮೂಲ ತಿಳಿದಿರುವ ಕಚ್ಚಾವಸ್ತುವನ್ನು ಹೇಳಿದ ದಿನಕ್ಕೆ ಒದಗಿಸುವುದರಲ್ಲಿದೆ. ಅಂಥ ಬೆಳೆಗಾರರ ಗುಂಪುಗಳನ್ನು ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಸಂಘಟಿಸಿ, ಪರವಾನಗಿ ಹೊಂದಿದ ತಯಾರಕರೊಂದಿಗೆ ಜೋಡಿಸುವುದು ಹೆಚ್ಚು ಫಲಕಾರಿಯಾದ ಮಾರ್ಗ.

ತಳಿ ಆಯ್ಕೆ, ನಾಟಿ ಸಾಮಗ್ರಿ, ಮಣ್ಣು ಮತ್ತು ನೀರಿನ ಪರೀಕ್ಷೆಗಳ ಕುರಿತು ರೈತರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ನೆಡುವ ಮುನ್ನವೇ ಸಂಪರ್ಕಿಸಿದರೆ ಹೆಚ್ಚು ಪ್ರಯೋಜನ.